ಒಂದು ಬ್ರೇಕ್, ಹತ್ತು ದಿನ: ದಿಢೀರ್ ಒತ್ತಡ ಮಿದುಳಿನ ಜೀನ್‌ಗಳಲ್ಲಿ ಮಾಡುವ ಕೆಲಸ

ಮಂಗಳೂರಿನಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು ಸುರತ್ಕಲ್ ದಾಟಿ ಮುಕ್ಕದ ಹತ್ತಿರ ಬಂದಿತ್ತು. ಡಿವೈಡರಿನ ನಡುವೆ ಬಿಟ್ಟ ಸಂದಿಯಿಂದ ಸ್ಕೂಟರೊಂದು ಅಡ್ಡ ನುಗ್ಗಿತು. ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು, ನನ್ನ ಮಂಡಿ ಎದುರಿನ ಸೀಟಿಗೆ ಬಡಿಯಿತು, ಯಾರದೋ ಬುತ್ತಿಯ ಡಬ್ಬಿ ಬಾಗಿಲಿನವರೆಗೆ ಉರುಳಿಕೊಂಡು ಹೋಯಿತು. ಸ್ಕೂಟರಿನವನಿಗೆ ಏನೂ ಆಗಲಿಲ್ಲ. ತಿರುಗಿಯೂ ನೋಡದೆ ಹೋದ. ಕಂಡಕ್ಟರ್ ಡಬ್ಬಿಯನ್ನು ಹೆಕ್ಕಿ ಕೊಟ್ಟು, "ದುಂಬು ಪೋಲೆ, ದುಂಬು ಪೋಲೆ" ಎಂದು ತುಳುವಿನಲ್ಲಿ ಮುಂದೆ ಹೋಗಲು ಹೇಳುತ್ತ ಟಿಕೆಟ್ ಕೊಡುವ ಕೆಲಸಕ್ಕೆ ಮರಳಿದ. ನನ್ನ ಪಕ್ಕದ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು "ಪೋಡಿಗೆ ಆಂಡ್" ಎಂದರು. ತುಳುವಿನಲ್ಲಿ ಪೋಡಿ ಎಂದರೆ ಎಣ್ಣೆಯಲ್ಲಿ ಕರಿದ ಬಜ್ಜಿ, ಪೋಡಿಗೆ ಎಂದರೆ ಹೆದರಿಕೆ. ಎರಡೂ ಹೊಟ್ಟೆಗೆ ಸಂಬಂಧಪಟ್ಟವೇ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಎಲ್ಲ ಸೇರಿ ನಾಲ್ಕು ಸೆಕೆಂಡಿನ ವಿದ್ಯಮಾನ. ಬಸ್ಸು ಹೊರಟಿತು, ಮಾತು ಮತ್ತೆ ಸುರುವಾಯಿತು.

ಅದೇ ಸಂಜೆ ಉಡುಪಿಯಲ್ಲಿ ಅತ್ತಿಗೆ ತನ್ನ ಮೊಬೈಲ್ ನನ್ನ ಮುಂದೆ ಹಿಡಿದರು. "ನೋಡು ಮಾರಾಯ, ನನ್ನ ಕಾರ್ಟಿಸಾಲ್ ಹದಿನೇಳು!" ಒತ್ತಡದ ಹಾರ್ಮೋನ್ ಎಂದು ಹೆಸರಾದದ್ದು ಅದು. ಇಡೀ ದೇಹದ ತಪಾಸಣೆಯ ಪ್ಯಾಕೇಜಿನಲ್ಲಿ ಅದೂ ಒಂದು ಸಾಲು. ಬೆಳಿಗ್ಗೆ 8ಕ್ಕೆ ತೆಗೆದ ರಕ್ತ, ವರದಿಯ ಪಕ್ಕದಲ್ಲೇ ಅಚ್ಚಾಗಿದ್ದ ಸಹಜ ಮಿತಿಯೊಳಗಿನ ಸಂಖ್ಯೆ. ಆದರೂ ಅವರಿಗೆ ಅದು ಹೆಚ್ಚೆಂದೇ ಕಂಡಿತ್ತು. ಮಗ ಎರಡನೇ ಪಿಯುಸಿ. ಅವನಿಗೂ ಒಂದು ಸಲ ಈ ಪರೀಕ್ಷೆ ಮಾಡಿಸಿದರೆ ಹೇಗೆ ಎಂಬ ಯೋಚನೆ ಬೇರೆ. ಅವರ ಮೊಬೈಲ್ ತುಂಬ, ಒತ್ತಡದಿಂದ ಮುಖ ಊದುತ್ತದೆನ್ನುವ 'ಕಾರ್ಟಿಸಾಲ್ ಮುಖ'ದ ರೀಲ್ಸ್‌ಗಳು. ನಮ್ಮ ಬೊಂಡದ ನೀರಿಗೆ, ಅಂದರೆ ಎಳನೀರಿಗೆ, ಕಿತ್ತಳೆ ರಸ, ಉಪ್ಪು ಬೆರೆಸಿ ಕುಡಿದರೆ ಕಾರ್ಟಿಸಾಲ್ ಇಳಿಯುತ್ತದೆಂದು ಅಮೆರಿಕದ ಹುಡುಗಿಯೊಬ್ಬಳು ನಗುನಗುತ್ತ ಹೇಳುತ್ತಿದ್ದಳು. ಬೊಂಡ ಕುಡಿಯುವುದಕ್ಕೆ ಕರಾವಳಿಯವರಿಗೆ ಇಷ್ಟೆಲ್ಲ ಕಾರಣ ಬೇಕೇ?

ನನ್ನ ತಕರಾರು ಬೊಂಡದ ಬಗ್ಗೆ ಅಲ್ಲ. ಗಲಾಟೆ ನಡೆದಲ್ಲೆಲ್ಲ ಪೊಲೀಸರು ಕಾಣಿಸುತ್ತಾರೆಂದು ಗಲಾಟೆಯ ಮೂಲವೇ ಅವರು ಎಂದುಕೊಂಡರೆ ಹೇಗಿರುತ್ತದೋ, ಕಾರ್ಟಿಸಾಲ್ ಬಗ್ಗೆ ಈಗ ಹಬ್ಬಿರುವ ತಿಳಿವಳಿಕೆ ಹಾಗಿದೆ. ಹೆದರಿಕೆ ಹುಟ್ಟುವುದು ಬೇರೆ ಕಡೆ. ಕಾರ್ಟಿಸಾಲ್‌ನ ಮುಖ್ಯ ಕೆಲಸಗಳಲ್ಲಿ ಒಂದು, ಆ ಗುಲ್ಲನ್ನು ಅಡಗಿಸುವುದು. ಅದು ಎಷ್ಟು ಏರಿತು ಎನ್ನುವುದಕ್ಕಿಂತ, ಏರಿದ್ದು ಹೊತ್ತಿಗೆ ಸರಿಯಾಗಿ ಇಳಿಯಿತೇ, ಅದರ ಜೊತೆಗೆ ಮಿದುಳಿನಲ್ಲಿ ತೆರೆದುಕೊಂಡ ಜೀನ್ ಮತ್ತೆ ಮುಚ್ಚಿಕೊಂಡಿತೇ ಎನ್ನುವುದು ದೊಡ್ಡ ಪ್ರಶ್ನೆ. ಇದನ್ನು ಬಿಡಿಸಿ ಹೇಳಲು ಮುಕ್ಕದ ಆ ಬ್ರೇಕ್ ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬದುಕಿರುವ ಮನುಷ್ಯನ ಮಿದುಳನ್ನು ತೆರೆದು ನಿಮಿಷ ನಿಮಿಷಕ್ಕೂ ಜೀನ್ ಎಣಿಸುವುದಕ್ಕೆ ಆಗುವುದಿಲ್ಲ. ಆದ್ದರಿಂದ ಜೀನಿನ ಮಟ್ಟಿಗೆ ಮುಂದೆ ಬರುವ ಗಡಿಯಾರ ಹೆಚ್ಚಾಗಿ ಪ್ರಯೋಗಶಾಲೆಯ ಇಲಿಗಳದು. ರಕ್ತದ ಹಾರ್ಮೋನಿನ ಲೆಕ್ಕ ಮನುಷ್ಯರದು.

ಬಸ್ಸು ಹಳೆಯಂಗಡಿ ಮುಟ್ಟುವಷ್ಟರಲ್ಲಿ ಮೊದಲ ಅಲೆ ಇಳಿದಿರುತ್ತದೆ. ಎದೆ ಡವಗುಟ್ಟಿದ್ದು, ಅಂಗೈ ಬೆವರಿದ್ದು, ಬಾಯಿ ಒಣಗಿದ್ದು ಎಲ್ಲ ಅಡ್ರಿನಲಿನ್ ಮತ್ತು ಅದರ ಸೋದರ ನಾರ್ ಅಡ್ರಿನಲಿನ್‌ನ ಆಟ. ನರಗಳ ಮೂಲಕ ಸೆಕೆಂಡುಗಳಲ್ಲಿ ಬಂದು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಇದಕ್ಕೆ ಯಾವ ಜೀನೂ ತೆರೆಯಬೇಕಾಗಿಲ್ಲ.

ಎರಡನೇ ಅಲೆ ನಿಧಾನದ್ದು. ಮಿದುಳಿನ ಬುಡದಲ್ಲಿ, ದೊಡ್ಡ ಗೋಡಂಬಿಯಷ್ಟು ಜಾಗದಲ್ಲಿ ಹೈಪೊಥಲಾಮಸ್ ಇದೆ. ಅದರೊಳಗೆ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ ಎಂಬ ಸಣ್ಣ ಗುಂಪು. ಇಲಿಯಲ್ಲಾದರೆ ಅಲ್ಲಿ ಕೆಲವೇ ಸಾವಿರ ನರಕೋಶಗಳು ಸಿಆರ್‌ಎಚ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಇಡೀ ದೇಹದ ಒತ್ತಡದ ವ್ಯವಸ್ಥೆಗೆ ಚಾಲನೆ ಕೊಡುವುದು ಈ ಬೆರಳೆಣಿಕೆಯ ಕೋಶಗಳೇ. ಅಲ್ಲಿಂದ ಹೊರಟ ಸಿಆರ್‌ಎಚ್ ಪುಟ್ಟ ರಕ್ತನಾಳಗಳ ಹಾದಿಯಲ್ಲಿ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಇಳಿಯುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ, ಅದು ರಕ್ತದಲ್ಲಿ ಸಾಗಿ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯನ್ನು ತಟ್ಟುತ್ತದೆ. ಅಲ್ಲಿಂದ ಬರುವುದು ಕಾರ್ಟಿಸಾಲ್. ಬ್ರೇಕ್ ಬಿದ್ದ ಸುಮಾರು 20ರಿಂದ 30 ನಿಮಿಷಕ್ಕೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಅಂದರೆ ನಮ್ಮ ಬಸ್ಸು ಪಡುಬಿದ್ರಿ ದಾಟಿ ಕಾಪುವಿನ ಕಡೆಗೆ ಸಾಗುವಾಗ. ಅಷ್ಟರಲ್ಲಿ ಅಜ್ಜಿ ಹೆದರಿಕೆಯನ್ನು ಮರೆತು ಮೊಮ್ಮಗಳ ಮದುವೆಯ ಮಾತು ತೆಗೆದಿದ್ದರು.

ಈ ಸಿಆರ್‌ಎಚ್ ಅನ್ನು ಹುಡುಕಿ ಹಿಡಿಯುವುದಕ್ಕೇ ವಿಜ್ಞಾನಿಗಳಿಗೆ ಕಾಲು ಶತಮಾನ ಬೇಕಾಯಿತು. 'ಒತ್ತಡ' ಎಂಬ ಮಾತಿಗೆ ವೈದ್ಯಕೀಯದಲ್ಲಿ ಜಾಗ ಕೊಟ್ಟ ಹ್ಯಾನ್ಸ್ ಸೆಲ್ಯೆ ತನ್ನ ಮೊದಲ ಪುಟ್ಟ ಟಿಪ್ಪಣಿ ಬರೆದದ್ದು 1936ರಲ್ಲಿ. ಮಿದುಳಿನಿಂದ ಪಿಟ್ಯುಟರಿಗೆ ಯಾವುದೋ ರಾಸಾಯನಿಕ ಸಂದೇಶ ಹೋಗುತ್ತಿದೆ ಎನ್ನುವುದು 1955ರಲ್ಲೇ ಗೊತ್ತಾಗಿತ್ತು. ರೋಜರ್ ಗಿಲ್ಲೆಮಿನ್ ಮತ್ತು ಆಂಡ್ರ್ಯೂ ಶ್ಯಾಲಿ ಅದರ ಬೆನ್ನು ಹತ್ತಿ, ಕೈಗೆ ಸಿಗದೆ, ಬೇರೆ ಹಾರ್ಮೋನುಗಳನ್ನು ಕಂಡುಹಿಡಿದು 1977ರ ನೊಬೆಲ್ ಹಂಚಿಕೊಂಡರು. ಕೊನೆಗೆ ಕುರಿಗಳ ರಾಶಿ ರಾಶಿ ಹೈಪೊಥಲಾಮಸ್ ಅರೆದು ಶೋಧಿಸಿ, 41 ಅಮೈನೋ ಆಮ್ಲಗಳ ಈ ಸರಪಳಿಯನ್ನು 1981ರಲ್ಲಿ ಹೊರತೆಗೆದವರು ಅಮೆರಿಕದ ಸಾಕ್ ಸಂಸ್ಥೆಯ ವೈಲಿ ವೇಲ್ ಮತ್ತು ಸಂಗಡಿಗರು.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲಿಯೇ. ಮುಕ್ಕದ ಹೆದರಿಕೆಗೆ ಬೇಕಾದ ಸಿಆರ್‌ಎಚ್ ಆಗಲೇ ತಯಾರಾಗಿ ನರದ ತುದಿಗಳಲ್ಲಿ ದಾಸ್ತಾನಿತ್ತು. ಜೀನ್ ತೆರೆದು, ಅದರ ನಕಲಾದ ಆರ್‌ಎನ್‌ಎ ಬರೆದು, ಪ್ರೋಟೀನ್ ಕಟ್ಟಿ ಕಳಿಸುವಷ್ಟು ಪುರುಸೊತ್ತು ಸ್ಕೂಟರ್ ಅಡ್ಡ ಬಂದಾಗ ಯಾರಿಗಿದೆ? ಹಾಗಾದರೆ ಜೀನ್ ಏಕೆ ತೆರೆದುಕೊಳ್ಳುತ್ತದೆ? ಖಾಲಿಯಾದ ದಾಸ್ತಾನನ್ನು ತುಂಬುವುದಕ್ಕೆ. ಬಂದರಿನ ಸಗಟು ಅಂಗಡಿಯಿಂದ ಹತ್ತು ಮೂಟೆ ಅಕ್ಕಿ ಹೊರಗೆ ಹೋದ ಕೂಡಲೇ ಗುಮಾಸ್ತ ಮಿಲ್ಲಿಗೆ ಫೋನ್ ಮಾಡುತ್ತಾನಲ್ಲ, ಹಾಗೆ. ಇಂದಿನ ಗಿರಾಕಿಗಲ್ಲ ಆ ಫೋನು, ನಾಳೆ ಬರುವವನಿಗೆ. ಮಿದುಳು ಒಂದು ಹೆದರಿಕೆ ಮುಗಿಯುವ ಮೊದಲೇ ಮುಂದಿನದಕ್ಕೆ ಸಿದ್ಧವಾಗುತ್ತಿರುತ್ತದೆ.

ಆ ಫೋನ್ ಹೋದದ್ದು ನಮಗೆ ತಿಳಿಯುವುದು ಹೇಗೆ? ಜೀನಿನಿಂದ ಮೊದಲು ಹುಟ್ಟುವುದು ಆರ್‌ಎನ್‌ಎಯ ಕಚ್ಚಾ ಪ್ರತಿ. ಅದರಲ್ಲಿ ಇಂಟ್ರಾನ್ ಎಂಬ ಬೇಡದ ತುಂಡು ಇನ್ನೂ ಸೇರಿಕೊಂಡಿರುತ್ತದೆ. ಸಿಆರ್‌ಎಚ್ ಜೀನಿನಲ್ಲಿ ಅಂಥದ್ದು ಒಂದೇ ಒಂದು. ನಿಮಿಷಗಳಲ್ಲಿ ಆ ತುಂಡನ್ನು ಕತ್ತರಿಸಿ ಎಸೆದು ಪಕ್ಕಾ ಪ್ರತಿ ತಯಾರಾಗುತ್ತದೆ. ತೆಂಗಿನ ತೋಟದವರಿಗೆ ಇದು ಬೇಗ ಅರ್ಥವಾದೀತು. ಕೊಟ್ಟಿಗೆಯಲ್ಲಿ ಸುಲಿದ ಕಾಯಿಗಳ ರಾಶಿ ಕಂಡರೆ ಅದು ಇಂದಿನದೋ ಹೋದ ವಾರದ್ದೋ ಹೇಳಲಾಗದು. ಅಂಗಳದಲ್ಲಿ ಹಸಿ ಸಿಪ್ಪೆ ಬಿದ್ದಿದ್ದರೆ ಸುಲಿಯುವ ಕೆಲಸ ಈಗಲೇ ನಡೆದಿದೆ ಎಂದು ಗೊತ್ತಾಗುತ್ತದೆ. ಸಂಶೋಧಕರು ಹುಡುಕುವುದು ಈ ಸಿಪ್ಪೆಯನ್ನು. ಇಲಿಯನ್ನು ಅಲುಗಾಡದಂತೆ ಹಿಡಿದಿಟ್ಟ ಕೆಲವೇ ನಿಮಿಷಗಳಲ್ಲಿ ಸಿಆರ್‌ಎಚ್‌ನ ಕಚ್ಚಾ ಪ್ರತಿ ಏರತೊಡಗಿ ಅರ್ಧ ಗಂಟೆಯ ಹೊತ್ತಿಗೆ ಜೋರಾಗುತ್ತದೆ. ಪಕ್ಕಾ ಪ್ರತಿಯ ದಾಸ್ತಾನು ಹೆಚ್ಚಿದ್ದು ಕಾಣುವುದಕ್ಕೆ ಗಂಟೆಗಳೇ ಬೇಕು. ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಮೂಲ್ಕಿಯಿಂದ ಪಡುಬಿದ್ರಿಯ ನಡುವೆ ಜೀನಿನ ಬಾಗಿಲು ತೆರೆದಿರುತ್ತದೆ. ತಯಾರಾದ ಮಾಲು ಲೆಕ್ಕಕ್ಕೆ ಸಿಗುವುದು ನಾವು ಊಟಕ್ಕೆ ಕೂರುವಾಗ.

ಬಾಗಿಲು ತೆರೆಯುವುದು ಒಂದೇ ಕೀಲಿಯಿಂದಲ್ಲ. ಜೀನಿನ ಮುಂಭಾಗದಲ್ಲಿ ಕ್ರೆಬ್ ಎಂಬ ಪ್ರೋಟೀನ್ ಕಾದಿರುತ್ತದೆ. ಒತ್ತಡದ ಸುದ್ದಿ ಬಂದಾಗ ಅದಕ್ಕೊಂದು ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಇಷ್ಟೇ ಸಾಕೆಂದು ಬಹಳ ಕಾಲ ನಂಬಿದ್ದರು. ಆದರೆ ಜೀನ್ ಮುಚ್ಚಿದ ಮೇಲೂ ಆ ಫಾಸ್ಫೇಟ್ ಹೋಗಿರುವುದಿಲ್ಲ. ಕೀಲಿ ಬೀಗದಲ್ಲೇ ಇದೆ, ಬಾಗಿಲು ಮಾತ್ರ ಮುಚ್ಚಿದೆ! ತಿರುಗಿಸುವ ಕೈ ಬೇರೆ ಎಂದು ಆಮೇಲೆ ತಿಳಿಯಿತು. ಸಿಆರ್‌ಟಿಸಿ ಎಂಬ ಜೊತೆಗಾರ ಪ್ರೋಟೀನ್ ಕೋಶದ ಹೊರಕೋಣೆಯಿಂದ ಒಳಗಿನ ಕೋಶಕೇಂದ್ರಕ್ಕೆ ಬಂದು ಕ್ರೆಬ್ ಜೊತೆ ನಿಂತಾಗಲೇ ಬರವಣಿಗೆ ಸುರುವಾಗುತ್ತದೆ; ಅದು ಹೊರಗೆ ಹೋದರೆ ನಿಲ್ಲುತ್ತದೆ.

ಮುಚ್ಚುವ ಕತೆ ಇನ್ನೂ ಸ್ವಾರಸ್ಯದ್ದು. ಕಾರ್ಟಿಸಾಲ್ ಮಿದುಳಿಗೆ ಮರಳಿ ಬಂದು 'ಇನ್ನು ಸಾಕು' ಎನ್ನುತ್ತದೆ, ಆಗ ಸಿಆರ್‌ಎಚ್ ಜೀನ್ ಬಾಯಿ ಮುಚ್ಚುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ತಪ್ಪಲ್ಲ, ಅರ್ಧ ಮಾತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಗ್ರೆಟಿ ಅಗಿಲೇರಾ ಅವರ ತಂಡ ಇಲಿಗಳ ಅಡ್ರಿನಲ್ ಗ್ರಂಥಿಯನ್ನೇ ತೆಗೆದು ನೋಡಿತು. ಮರಳಿ ಬಂದು ಹೇಳುವವರೇ ಇಲ್ಲದಿದ್ದರೂ ಒತ್ತಡಕ್ಕೆ ತೆರೆದ ಜೀನ್ ಒಂದೆರಡು ಗಂಟೆಗಳಲ್ಲಿ ತಾನಾಗಿ ಇಳಿಯಿತು. ಜೀನನ್ನು ತೆರೆದ ಅದೇ ಸಂಕೇತ ಸ್ವಲ್ಪ ತಡವಾಗಿ ಐಸಿಇಆರ್ ಎಂಬ ತಡೆಗಾರ ಪ್ರೋಟೀನನ್ನೂ ಹುಟ್ಟಿಸುತ್ತದೆ. ಅದು ಬಂದು ಕ್ರೆಬ್‌ನ ಜಾಗದಲ್ಲಿ ಕುಳಿತುಬಿಡುತ್ತದೆ. ಬಾಗಿಲು ತೆರೆಯುವಾಗಲೇ ಮುಚ್ಚುವ ಸ್ಪ್ರಿಂಗೂ ಎಳೆದುಕೊಂಡಿತು ಎನ್ನಿ. ಕಾರ್ಟಿಸಾಲ್‌ನ ಕೆಲಸ ಅದರ ಮೇಲಿನ ಉಸ್ತುವಾರಿ: ಸಿಆರ್‌ಎಚ್ ಕೋಶಗಳ ದನಿಯನ್ನು ತಗ್ಗಿಸುವುದು, ಪಿಟ್ಯುಟರಿಯನ್ನು ಸುಮ್ಮನಾಗಿಸುವುದು, ದಿನಗಟ್ಟಲೆಯ ಮಟ್ಟವನ್ನು ಹದದಲ್ಲಿಡುವುದು.

ಈ ಉಸ್ತುವಾರಿ ಎಲ್ಲರಲ್ಲೂ ಒಂದೇ ಸಮವಲ್ಲ. ಕಾರ್ಟಿಸಾಲ್ ತನ್ನ ಗ್ರಾಹಿಗೆ, ಅಂದರೆ ಕೋಶದಲ್ಲಿ ತನ್ನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಅಂಟಿದಾಗ ಎಫ್‌ಕೆಬಿಪಿ5 ಎಂಬ ಜೀನ್ ತೆರೆಯುತ್ತದೆ. ಅದರ ಪ್ರೋಟೀನ್ ಹೋಗಿ ಅದೇ ಗ್ರಾಹಿಯ ಹಿಡಿತವನ್ನು ಸಡಿಲಿಸುತ್ತದೆ. ಕೆಲವರಲ್ಲಿ ಈ ಜೀನಿನ ರೂಪ ಸ್ವಲ್ಪ ಬೇರೆ, ಅದು ಅತಿಯಾಗಿ ತೆರೆಯುತ್ತದೆ. ಅಂಥವರು ಬಾಲ್ಯದಲ್ಲಿ ಹಿಂಸೆ ಕಂಡಿದ್ದರೆ ಆ ಜೀನ್ ಸುಲಭವಾಗಿ ತೆರೆಯದಂತೆ ತಡೆಯುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಅಳಿಸಿಹೋಗಿರುವುದನ್ನು ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಮನೋವೈದ್ಯ ಸಂಸ್ಥೆಯ ತಂಡ 2013ರಲ್ಲಿ ತೋರಿಸಿತು. ಇಂಥವರಿಗೆ ಕಾರ್ಟಿಸಾಲ್ ಕಡಿಮೆ ಇರಲಿಕ್ಕಿಲ್ಲ. ಅದರ ಮಾತು ಕೇಳುವ ಕಿವಿ ಮಂದವಾಗಿರುತ್ತದೆ. ರಕ್ತದ ವರದಿಯಲ್ಲಿ ಕಿವಿಯ ಲೆಕ್ಕ ಬರುವುದಿಲ್ಲ.

ಇಷ್ಟರವರೆಗೆ ಹೈಪೊಥಲಾಮಸ್‌ನ ಮಾತಾಯಿತು. ಸಿಆರ್‌ಎಚ್ ಅಲ್ಲಿ ಮಾತ್ರ ಇಲ್ಲ. ಹೆದರಿಕೆಯ ನೆಲೆಯಾದ ಅಮಿಗ್ಡಲಾದಲ್ಲೂ ಇದೆ. ಅದೇ ಜೀನ್, ಅಕ್ಷರ ಅಕ್ಷರಕ್ಕೂ ಅದೇ. ಆದರೆ ಕಾರ್ಟಿಸಾಲ್ ಸುರಿದಾಗ ಹೈಪೊಥಲಾಮಸ್‌ನಲ್ಲಿ ಅದು ತಗ್ಗಿದರೆ, ಅಮಿಗ್ಡಲಾದ ನಡುಭಾಗದಲ್ಲಿ ಏರುತ್ತದೆ. ಇಲಿಯ ಅಡ್ರಿನಲ್ ತೆಗೆದರೆ ಎರಡೂ ಕಡೆ ತಿರುಗುಮುರುಗು. ಈ ವಿಷಯ ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕೆಂದು ಎರಡು ಸಲ ಓದಿದ್ದೆ. ಯೋಚಿಸಿದರೆ ಅರ್ಥವಿದೆ. ಹಾರ್ಮೋನಿನ ಕಾರ್ಖಾನೆ ನಿಲ್ಲಬೇಕು, ಆದರೆ 'ಮುಕ್ಕದ ಸಂದಿಯಲ್ಲಿ ಎಚ್ಚರ' ಎನ್ನುವ ಪಾಠ ಉಳಿಯಬೇಕು. ದಿಢೀರ್ ಒತ್ತಡಕ್ಕೆ ಈ ಎರಡು ಮುಖದ ವ್ಯವಸ್ಥೆ ಒಳ್ಳೆಯದೇ. ಹಾರ್ಮೋನ್ ವಾರಗಟ್ಟಲೆ ಏರಿಯೇ ಇದ್ದಾಗ ಅಮಿಗ್ಡಲಾ ಪಾಠ ಬರೆಯುತ್ತಲೇ ಇರುತ್ತದೆ, ತೊಂದರೆ ಅಲ್ಲಿಂದ.

ಕಂಡಕ್ಟರನ ವಿಚಾರಕ್ಕೆ ಬರೋಣ. ಅದೇ ಬ್ರೇಕ್, ಅದೇ ಜೋಲಿ, ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಧೈರ್ಯ ಒಂದು ಕಡೆ ಇರಲಿ, ಅಭ್ಯಾಸವೂ ಜೀನಿನ ಮಟ್ಟದಲ್ಲಿ ಕಾಣುವ ಸಂಗತಿಯೇ. ದಿನವೂ ಒಂದೇ ಬಗೆಯ ಒತ್ತಡಕ್ಕೆ ಒಡ್ಡಿದ ಇಲಿಗಳಲ್ಲಿ ಹಾರ್ಮೋನಿನ ಏರಿಕೆ ದಿನದಿಂದ ದಿನಕ್ಕೆ ತಗ್ಗುತ್ತದೆ. ಒಗ್ಗಿಹೋದ ಅದೇ ಇಲಿಯ ಮುಂದೆ ಹೊಸ ಬಗೆಯ ಒತ್ತಡ ಇಟ್ಟು ನೋಡಿ, ಪ್ರತಿಕ್ರಿಯೆ ತಗ್ಗುವುದಿರಲಿ, ಕೆಲವೊಮ್ಮೆ ಮಾಮೂಲಿಗಿಂತ ಹೆಚ್ಚು. ಸಿಆರ್‌ಎಚ್ ಕೋಶಗಳು ಆ ಹೊತ್ತಿಗೆ ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಜಾಸ್ತಿ ತಯಾರಿಸಿಟ್ಟುಕೊಂಡಿರುತ್ತವೆ. ಬ್ರೇಕಿಗೆ ಬೆಚ್ಚದ ಕಂಡಕ್ಟರ್ ಮಾಲೀಕರ ಫೋನ್ ಬಂದರೆ ಬೆವರುವುದನ್ನು ನಾನು ಕಂಡಿದ್ದೇನೆ.

ಫೋನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮನುಷ್ಯರ ಕಾರ್ಟಿಸಾಲ್ ಅನ್ನು ಖಚಿತವಾಗಿ ಏರಿಸಲು ಪ್ರಯೋಗಶಾಲೆಗಳು ಹಾವು, ಚೇಳು ತರುವುದಿಲ್ಲ. ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ರೂಪಿಸಿದ ವಿಧಾನದಲ್ಲಿ, ಮುಖದಲ್ಲಿ ಯಾವ ಭಾವವನ್ನೂ ತೋರದ ಪರೀಕ್ಷಕರ ಮುಂದೆ ನಿಂತು ಭಾಷಣ ಮಾಡಬೇಕು, ಆಮೇಲೆ ಬಾಯಿಲೆಕ್ಕ ಹೇಳಬೇಕು, ತಪ್ಪಿದರೆ ಮೊದಲಿನಿಂದ. 2004ರಲ್ಲಿ 208 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಎದ್ದು ಕಂಡದ್ದು ಇದೇ: ನಾಲ್ಕು ಜನ ನಮ್ಮನ್ನು ಅಳೆಯುತ್ತಿದ್ದಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವ ಸ್ಥಿತಿ ಕಾರ್ಟಿಸಾಲ್ ಅನ್ನು ಏರಿಸುವಷ್ಟು ಇನ್ನಾವುದೂ ಏರಿಸದು. ಪಿಯುಸಿ ಫಲಿತಾಂಶದಲ್ಲಿ ಮೊದಲ ಎರಡು ಸ್ಥಾನಕ್ಕೆ ತಮ್ಮತಮ್ಮಲ್ಲೇ ಪೈಪೋಟಿ ನಡೆಸುವ ಎರಡು ಜಿಲ್ಲೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ತಿಗೆಯ ಮಗನಿಗೆ ರಕ್ತಪರೀಕ್ಷೆಗಿಂತ, 'ಎಷ್ಟು ಪರ್ಸೆಂಟ್ ಬರಬಹುದು' ಎಂದು ಕೇಳುವ ನೆಂಟರಿಂದ ರಜೆ ಸಿಕ್ಕಿದರೆ ಹೆಚ್ಚು ಉಪಕಾರ. ನಾನೂ ಆ ನೆಂಟರಲ್ಲಿ ಒಬ್ಬ. ಅಂದೇ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದೆ.

ಒಂದೇ ಒಂದು ದಿಢೀರ್ ಹೆದರಿಕೆ ಏನಾದರೂ ಉಳಿಸಿಹೋಗುತ್ತದೆಯೇ? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಬಂದದ್ದು ಬೆಂಗಳೂರಿನಿಂದ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ಒಂದೇ ಸಲ, ಎರಡು ಗಂಟೆ, ಅಲುಗಾಡದಂತೆ ಹಿಡಿದಿಟ್ಟು ಬಿಟ್ಟಿತು. ಮರುದಿನ ನೋಡಿದರೆ ಇಲಿಗಳ ಅಂಜಿಕೆ ಹೆಚ್ಚಿರಲಿಲ್ಲ, ಅಮಿಗ್ಡಲಾದ ನರಕೋಶಗಳಲ್ಲೂ ಬದಲಾವಣೆ ಇಲ್ಲ. ಹತ್ತು ದಿನ ಬಿಟ್ಟು ನೋಡಿದಾಗ, ನಡುವೆ ಬೇರೇನೂ ಆಗಿರದಿದ್ದರೂ, ಆ ಕೋಶಗಳ ಕವಲುಗಳ ಮೇಲೆ ಹೊಸ ಮುಳ್ಳುಗಳು ಮೂಡಿದ್ದವು. ನರಕೋಶಗಳು ಒಂದನ್ನೊಂದು ಸೇರುವ ಜಾಗಗಳಿವು. ಇಲಿಗಳೂ ಅಂಜುಬುರುಕವಾಗಿದ್ದವು. 2005ರಲ್ಲಿ ಪ್ರಕಟವಾದ ಕೆಲಸ ಇದು.

2012ರಲ್ಲಿ ಅದೇ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಿಡಿದಿಡುವ ಮೊದಲೇ ಇಲಿಗಳ ಕುಡಿಯುವ ನೀರಿಗೆ ಕಾರ್ಟಿಕೊಸ್ಟಿರಾನ್ ಬೆರೆಸಿತು. ಇಲಿಗಳ ಪಾಲಿಗೆ ಕಾರ್ಟಿಸಾಲ್ ಎಂದರೆ ಅದೇ. ರೀಲ್ಸ್‌ನ ತರ್ಕದಂತೆ ಆ ಇಲಿಗಳ ಗತಿ ಕೆಡಬೇಕಿತ್ತು. ಹತ್ತು ದಿನದ ಬಳಿಕ ಅವುಗಳಲ್ಲಿ ಹೊಸ ಮುಳ್ಳೂ ಇಲ್ಲ, ಹೊಸ ಅಂಜಿಕೆಯೂ ಇಲ್ಲ. ಒತ್ತಡದ ಹಾರ್ಮೋನೇ ಒತ್ತಡದಿಂದ ಕಾಪಾಡಿತ್ತು. ಅಪಘಾತದಲ್ಲಿ ಸಿಕ್ಕ ಮನುಷ್ಯರಲ್ಲೂ, ಆ ಹೊತ್ತಿನಲ್ಲಿ ಕಾರ್ಟಿಸಾಲ್ ಕಡಿಮೆ ಇದ್ದವರಿಗೆ ಮುಂದೆ ಆಘಾತದ ನೆನಪು ಹೆಚ್ಚು ಕಾಡಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ಎಲ್ಲವೂ ಒಪ್ಪುವುದಿಲ್ಲ. ಹಾಗೆಂದು ಹೆದರಿದವರೆಲ್ಲ ಸ್ಟಿರಾಯ್ಡ್ ನುಂಗಬೇಕೆಂದಲ್ಲ.

ಸ್ಟಿರಾಯ್ಡ್ ಮಾತು ಬಂದಾಗ ರೀಲ್ಸ್‌ಗಿಂತ ನಿಜವಾದ ಅಪಾಯವೊಂದು ನೆನಪಾಗುತ್ತದೆ. ಗಂಟುನೋವಿಗೆ, ದಮ್ಮಿಗೆ ಪ್ರೆಡ್ನಿಸೋಲೋನ್ ಮಾತ್ರೆ ವಾರಗಟ್ಟಲೆ ನುಂಗಿದವರ ಮಿದುಳು ಅದನ್ನು ಕಾರ್ಟಿಸಾಲ್ ಎಂದೇ ಎಣಿಸುತ್ತದೆ. ಸಿಆರ್‌ಎಚ್ ಜೀನ್ ತಣ್ಣಗಾಗುತ್ತದೆ, ಎಸಿಟಿಎಚ್ ಇಳಿಯುತ್ತದೆ, ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ. ನೋವು ಹೋಯಿತೆಂದು ಒಂದು ದಿನ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ, ಜ್ವರವೋ ಶಸ್ತ್ರಚಿಕಿತ್ಸೆಯೋ ಎದುರಾದಾಗ ದೇಹದಲ್ಲಿ ಬೇಕಾದಷ್ಟು ಕಾರ್ಟಿಸಾಲ್ ಹುಟ್ಟದೇ ಹೋಗಬಹುದು. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ಈ ಮಾತ್ರೆಯನ್ನು ಮೆಟ್ಟಿಲಿಳಿದಂತೆ ಇಳಿಸುವುದು ಇದಕ್ಕೆ.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟೇ. ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿಗೇರಿ, ಮಧ್ಯರಾತ್ರಿಗೆ ತಳ ಸೇರುತ್ತದೆ. ನಡುವೆ ಗಂಟೆಗೊಮ್ಮೆ ಅಲೆಯಂತೆ ಏಳುತ್ತ ಬೀಳುತ್ತ ಇರುತ್ತದೆ. ಸೂಜಿಗೆ ಹೆದರಿದರೂ ಏರುತ್ತದೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆ, ಅದು ತೀರ ಕಡಿಮೆಯಾಗುವ ಅಡಿಸನ್ ಕಾಯಿಲೆಯ ಗುಮಾನಿ ಇದ್ದಾಗ ವೈದ್ಯರು ಹೊತ್ತು ನೋಡಿ ಬರೆಸುವ ಪರೀಕ್ಷೆ ಅದು. ಮನಸ್ಸಿನ ಭಾರ ತೂಗುವ ತಕ್ಕಡಿಯಲ್ಲ. ಮುಖ ದುಂಡಗಾಗುವುದು ಕುಶಿಂಗ್‌ನ ಲಕ್ಷಣ ಹೌದು, ಆದರೆ ಬೆಳಿಗ್ಗೆ ಮುಖ ಊದಿಕೊಂಡವರೆಲ್ಲ ರಾತ್ರಿ ಉಪ್ಪಿನಕಾಯಿ ಜಾಸ್ತಿ ಬಡಿಸಿಕೊಂಡಿರಲೂಬಹುದು. ಅವರು ನಕ್ಕರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ಹಾಗಾದರೆ ಸಿಆರ್‌ಎಚ್ ಇಳಿಸುವ ಮಾತ್ರೆ ಇಲ್ಲವಾ?" ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಸಿಆರ್‌ಎಚ್‌ನ ಗ್ರಾಹಿಯನ್ನು ತಡೆಯುವ ಔಷಧಗಳನ್ನು ಖಿನ್ನತೆಗೆ, ಆತಂಕಕ್ಕೆ ಕಂಪನಿಗಳು ಒಂದಾದ ಮೇಲೊಂದು ಪ್ರಯೋಗಿಸಿ ಸೋತವು. ಕೊನೆಗೆ ಕ್ರಿನೆಸರ್‌ಫಾಂಟ್ ಎಂಬ ಔಷಧಕ್ಕೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಹುಟ್ಟಿನಿಂದ ಬರುವ ಅಡ್ರಿನಲ್ ಗ್ರಂಥಿಯ ತೊಂದರೆಯೊಂದಕ್ಕೆ. ಹಾರ್ಮೋನ್ ಸಿಕ್ಕಿ 43 ವರ್ಷಗಳ ಬಳಿಕವೂ ಮನಸ್ಸಿನ ಕಾಯಿಲೆಗೆ ಆ ದಾರಿಯ ಮದ್ದು ಬಂದಿಲ್ಲ. ಜೀನ್ ತೆರೆಯುವುದೇ ರೋಗವಾಗಿದ್ದರೆ ಅದನ್ನು ತಡೆದು ಗೆಲ್ಲುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಹನ್ನೊಂದನೆಯ ದಿನ ಮತ್ತೆ ಅದೇ ದಾರಿ, ಬೇರೆ ಬಸ್ಸು. ನನ್ನ ಮನಸ್ಸು ಏನನ್ನೂ ನೆನಪಿಸಿಕೊಂಡಿರಲಿಲ್ಲ, ಮೊಬೈಲಿನಲ್ಲಿ ಮುಳುಗಿದ್ದೆ. ಸುರತ್ಕಲ್ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಕೊಟ್ಟು ಚಿಲ್ಲರೆ ಮುಂದೆ ಹಿಡಿದ. ತೆಗೆದುಕೊಳ್ಳಲು ಕೈ ಚಾಚಬೇಕೆಂದರೆ, ಅದು ಆಗಲೇ ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.